ಚಂದ್ರಮೋಹನರು ಇಳಿಸಿದ ಎರಡು ಮಿಲಿಬಾರ್

ದೆಹಲಿಯ ಪಕ್ಕದ ಇಂದಿರಾಪುರಂನ ಒಂಬತ್ತನೆಯ ಮಹಡಿಯ ಆ ಫ್ಲ್ಯಾಟಿನಲ್ಲಿ ದೇವರ ಕ್ಯಾಲೆಂಡರ್ ಇರಬೇಕಾದ ಗೋಡೆಯ ಮೇಲೆ ಅರಬ್ಬೀ ಸಮುದ್ರವಿತ್ತು. ೨೦೦೭ರ ಆಗಸ್ಟಿನಲ್ಲಿ ಮಗಳು ಗಗನಾ ಸರಕು ಹಡಗೊಂದರಲ್ಲಿ ತರಬೇತಿಯ ಕೆಡೆಟ್ ಆಗಿ ಹೊರಟಳಲ್ಲ, ಅದರ ಮಾರನೆಯ ದಿನವೇ ಸುಮಿತ್ರಾ ಕ್ಯಾಲೆಂಡರನ್ನು ಫ್ರಿಜ್ಜಿನ ಪಕ್ಕಕ್ಕೆ ಸರಿಸಿ, ಅದೇ ಮೊಳೆಗೆ ಸಮುದ್ರದ ನಕ್ಷೆ ತೂಗುಹಾಕಿದ್ದರು. ನಕ್ಷೆಯ ನೀಲಿಯ ಮೇಲೆ ಒಂದು ಕೆಂಪು ಗುಂಡುಪಿನ್ನು. ಗಂಡ ಚಂದ್ರಮೋಹನರು ಆಫೀಸಿನಿಂದ ಬಂದು ಬೂಟು ಬಿಚ್ಚುವ ಮೊದಲೇ ಆ ಪಿನ್ನು ಎಲ್ಲಿಗೆ ಸರಿಯಬೇಕೆಂದು ಹೇಳಬೇಕು. ಚಹಾ ಆಮೇಲೆ.

"ಹವೆ ಹೇಗಿದೆ ಅಲ್ಲಿ?" ಎಂದು ಸುಮಿತ್ರಾ ಕೇಳುತ್ತಿದ್ದರು, ಪಕ್ಕದ ಬೀದಿಗೆ ಮದುವೆ ಮಾಡಿಕೊಟ್ಟ ಮಗಳ ಸುದ್ದಿ ಕೇಳುವ ಹಾಗೆ.

"ಗಾಳಿ ಹತ್ತು ನಾಟ್. ಮೋಡ ಕಮ್ಮಿ. ಇಪ್ಪತ್ತೆಂಟು ಡಿಗ್ರಿ."

"ಅಚ್ಛಾ, ಸ್ವೆಟರ್ ಬೇಡ ಹಾಗಿದ್ರೆ."

ಈ ಸುದ್ದಿ ಫೋನಿನಲ್ಲಿ ಬರುತ್ತಿದ್ದದ್ದಲ್ಲ. ನಡುಗಡಲಿನಲ್ಲಿ ಮೊಬೈಲಿಗೆ ಸಿಗ್ನಲ್ ಎಲ್ಲಿಂದ ಬರಬೇಕು? ಅದು ಬರುತ್ತಿದ್ದದ್ದು ಚಂದ್ರಮೋಹನರ ಕೆಲಸದ ಮೇಜಿಗೆ. ದೆಹಲಿಯ ಒಂದು ಹವಾಮಾನ ಕಚೇರಿಯಲ್ಲಿ ಅವರದು ನಕ್ಷೆ ತುಂಬುವ ಕೆಲಸ. ಕಡಲ ಮೇಲಿರುವ ಹಡಗುಗಳು ಆರು ಗಂಟೆಗೊಮ್ಮೆ ತಾವು ಎಲ್ಲಿದ್ದೇವೆ, ಗಾಳಿಯ ವೇಗ ಎಷ್ಟು ನಾಟ್, ವಾಯುಭಾರ ಎಷ್ಟು ಮಿಲಿಬಾರ್, ಅಲೆ ಎಷ್ಟೆತ್ತರ ಎಂಬುದನ್ನೆಲ್ಲ ಐದೈದು ಅಂಕೆಗಳ ಗುಂಪು ಮಾಡಿ ಕಳಿಸುತ್ತವೆ. ಆ ಅಂಕೆಗಳ ಸಾಲನ್ನು ಬಿಡಿಸಿ, ಹಡಗು ಇರುವ ಕಡೆ ನಕ್ಷೆಯ ಮೇಲೆ ಒಂದು ಪುಟ್ಟ ಸೊನ್ನೆ ಬರೆದು, ಅದರ ಸುತ್ತ ಅಕ್ಕಿಕಾಳಿನ ಗಾತ್ರದ ಅಕ್ಷರದಲ್ಲಿ ಎಲ್ಲವನ್ನೂ ತುಂಬಬೇಕು. ಕಪ್ಪು ಶಾಯಿ, ಕೆಂಪು ಶಾಯಿ, ಕನ್ನಡಕ, ಬಗ್ಗಿದ ಬೆನ್ನು. ಮೂವತ್ತೊಂದು ವರ್ಷ ಇದನ್ನೇ ಮಾಡಿದ ಮನುಷ್ಯ ಅವರು. ಕಂಪ್ಯೂಟರು ಬಂದು ಕೂತಿತ್ತು ನಿಜ. ಆದರೆ ಸಮುದ್ರದ ನಕ್ಷೆಯನ್ನು ಮಾತ್ರ ಅಧಿಕಾರಿಗಳು ಇನ್ನೂ ಚಂದ್ರಮೋಹನರ ಕೈಬರಹದಲ್ಲೇ ನೋಡಲು ಇಷ್ಟಪಡುತ್ತಿದ್ದರು.

ಆ ಕೆಲಸಕ್ಕೆ ಒಂದು ಕಟ್ಟುನಿಟ್ಟಿನ ನಿಯಮವಿದೆ. ಯಾವುದಾದರೂ ಅಂಕೆಯ ಮೇಲೆ ಅನುಮಾನ ಬಂದರೆ ಅದನ್ನು ಇದ್ದ ಹಾಗೇ ಬರೆದು, ಸುತ್ತ ಪೆನ್ಸಿಲಿನಲ್ಲಿ ಒಂದು ಸುತ್ತು ಹಾಕಿ ಅಧಿಕಾರಿಗೆ ತೋರಿಸಬೇಕು. ನಂಬುವುದು ಬಿಡುವುದು ಅಧಿಕಾರಿಗೆ ಸೇರಿದ್ದು. ನಕ್ಷೆ ತುಂಬುವವನು ತನ್ನ ಕೈಯಾರೆ ಒಂದು ಅಂಕೆಯನ್ನೂ ತಿದ್ದಬಾರದು. ಹೊಸದಾಗಿ ಸೇರಿದವರಿಗೆ ಚಂದ್ರಮೋಹನರೇ ಇದನ್ನು ಪಾಠ ಹೇಳುತ್ತಿದ್ದರು, ಅದೂ ಬೆರಳು ಅಲ್ಲಾಡಿಸಿ.

ಹುಟ್ಟಿದ್ದು ಹೊನ್ನಾವರದಲ್ಲಿ. ಇಪ್ಪತ್ತೆರಡನೆಯ ವಯಸ್ಸಿಗೆ ಸರ್ಕಾರಿ ನೌಕರಿ ಹಿಡಿದು ದೆಹಲಿಗೆ ಬಂದವರು ಅಲ್ಲಿಂದಾಚೆ ಸಮುದ್ರವನ್ನು ಹೆಚ್ಚಾಗಿ ಕಾಗದದ ಮೇಲೆ ನೋಡಿದ್ದೇ. ಆದರೂ ಊರಿನ ನಂಟು ಕಡಿದಿರಲಿಲ್ಲ. ಪ್ರೈಮರಿ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತಿದ್ದ ಏಕನಾಥ ತಾಂಡೇಲ ಈಗ ಎರಡು ಮೀನುಗಾರಿಕೆ ಬೋಟುಗಳ ಯಜಮಾನ. ಹಬ್ಬಕ್ಕೊಮ್ಮೆ, ಸಿಟ್ಟು ಬಂದಾಗೊಮ್ಮೆ ಫೋನ್ ಮಾಡುತ್ತಿದ್ದ. ಆ ನವೆಂಬರಿನ ಕೊನೆಯಲ್ಲಿ ಸಿಟ್ಟಿನ ಫೋನೇ ಬಂದಿತ್ತು. ಚಂಡಮಾರುತ ಬರುತ್ತದೆ, ಕಡಲಿಗಿಳಿಯಬೇಡಿ ಎಂದು ದೆಹಲಿಯಿಂದ ಎಚ್ಚರಿಕೆ ಹೋಗಿ, ಕರಾವಳಿಯ ಬೋಟುಗಳೆಲ್ಲ ಮೂರು ದಿನ ದಡದಲ್ಲಿ ಕೂತು, ಕೊನೆಗೆ ಒಂದು ತೆಂಗಿನ ಗರಿಯೂ ಅಲುಗದೆ ಹೋಗಿತ್ತು.

"ಏನೋ ಚಂದ್ರು, ದಿಲ್ಲಿಯಲ್ಲಿ ಹೀಟರ್ ಮುಂದೆ ಕೂತ್ಕೊಂಡು ನಮ್ಮ ಹೊಟ್ಟೆ ಮೇಲೆ ಹೊಡೀತೀರಾ? ಬಂಗಡೆ ಸಿಗೋ ದಿನಾನೇ ನಿಮಗೆ ಗಾಳಿ ಕಾಣ್ತದಾ? ಇನ್ನೊಂದು ಸಲ ಹೇಳಿ ನೋಡು, ಒಬ್ಬರೂ ಕೇಳೋದಿಲ್ಲ."

ಆ ಎಚ್ಚರಿಕೆ ಬರೆದವನು ಸುದರ್ಶನ್ ಎಂಬ ತರುಣ ಅಧಿಕಾರಿ. ಮೈಸೂರಿನವನು. ದೆಹಲಿಯ ಹೌಜ್ ಖಾಸಿನಲ್ಲಿ ಎಂ.ಟೆಕ್ ಓದಿ ನೇರವಾಗಿ ಈ ಕಚೇರಿಗೆ ಬಂದವನು. ಬುದ್ಧಿವಂತ, ಒಳ್ಳೆಯವನು, ಆದರೆ ಆ ಸುಳ್ಳು ಎಚ್ಚರಿಕೆಗಾಗಿ ಮೇಲಿನವರಿಂದ ಚೆನ್ನಾಗಿ ಬೈಸಿಕೊಂಡ ಮೇಲೆ ಬಿಸಿ ಹಾಲು ಕುಡಿದ ಬೆಕ್ಕಿನ ಹಾಗಾಗಿದ್ದ. ಅವನೂ ಚಂದ್ರಮೋಹನರೂ ಕೆಲಸದ ನಡುವೆ ಕನ್ನಡದಲ್ಲೇ ಮಾತಾಡಿಕೊಳ್ಳುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ಸರ್ ಎನ್ನುತ್ತಿದ್ದರು, ಒಬ್ಬರು ಹುದ್ದೆಗೆ, ಇನ್ನೊಬ್ಬರು ವಯಸ್ಸಿಗೆ.

ಗಗನಾ ಕೆಡೆಟ್ ಆದದ್ದು ಚಂದ್ರಮೋಹನರಿಗೆ ತಲೆಯ ಮೇಲೆ ಹೊತ್ತು ತಿರುಗುವಷ್ಟು ಹೆಮ್ಮೆಯ ಸಂಗತಿಯಾಗಿತ್ತು. ಆ ಕಾಲಕ್ಕೆ ಹಡಗಿನ ಡೆಕ್ಕಿನ ಕೆಲಸಕ್ಕೆ ಹೋಗುವ ಹುಡುಗಿಯರೇ ಅಪರೂಪ. ಅದರ ಮೇಲೆ ಅಕ್ಟೋಬರಿನಲ್ಲಿ ಕೊಚ್ಚಿಯಿಂದ ಫೋನ್ ಮಾಡಿದ ಮಗಳು, "ಪಪ್ಪಾ, ಗೆಸ್ ವಾಟ್! ವೆದರ್ ಅಬ್ಸರ್ವೇಶನ್ ಎಲ್ಲಾ ನಮ್ಮ ಆಫೀಸರು, ಥರ್ಡ್ ಮೇಟ್, ನನಗೇ ಕೊಟ್ಟಿದ್ದಾರೆ. ಅಬ್ ಆಪ್ ಮೇರಾ ಲಿಖಾ ಹುವಾ ಪ್ಲಾಟ್ ಕರೋಗೇ!" ಎಂದುಬಿಟ್ಟಳು. ಮಗಳು ಕಡಲಿನಲ್ಲಿ ಬರೆಯುವುದು, ಅಪ್ಪ ದೆಹಲಿಯಲ್ಲಿ ನಕ್ಷೆಗೆ ಇಳಿಸುವುದು. ಇದನ್ನು ಅವರು ಕಚೇರಿಯಲ್ಲಿ ಹೇಳದ ಮನುಷ್ಯನಿರಲಿಲ್ಲ. ಗೇಟಿನ ಚಹಾದ ಭಯ್ಯಾನಿಗೂ ಗೊತ್ತಿತ್ತು. ಕ್ರಮೇಣ ಕಚೇರಿಯಲ್ಲಿ ಆ ಹಡಗಿನ ಹೆಸರು ಯಾರ ಬಾಯಲ್ಲೂ ಉಳಿಯಲಿಲ್ಲ. ಎಲ್ಲರಿಗೂ ಅದು 'ಗಗನಾ ಹಡಗು'.

ಡಿಸೆಂಬರಿನ ಎರಡನೆಯ ವಾರ. ದೆಹಲಿಯಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಒಂಬತ್ತನೆಯ ಮಹಡಿಯಿಂದ ಕೆಳಗಿನ ರಸ್ತೆಯೇ ಕಾಣುತ್ತಿರಲಿಲ್ಲ. ಗಗನಾ ಹಡಗು ಕರ್ನಾಟಕದ ಬಂದರೊಂದರಲ್ಲಿ ಅದಿರು ತುಂಬಿಕೊಳ್ಳಲು ಬಂದಿತ್ತು. ಅಲ್ಲಿ ಜಾಗ ಸಿಗುವ ತನಕ ಭಾನುವಾರದಿಂದ ಎಂಜಿನ್ ನಿಲ್ಲಿಸಿ ದಡದಿಂದ ನೂರು ಕಿಲೋಮೀಟರ್ ಆಚೆ ತೇಲಿಕೊಂಡಿತ್ತು. ಸೋಮವಾರ ಸಂಜೆಯ ವರದಿ ಬಂದಾಗ ಚಂದ್ರಮೋಹನರ ಪೆನ್ನು ನಿಂತಿತು.

ಸಮುದ್ರಕ್ಕೆ ಉಬ್ಬರ ಇಳಿತ ಇರುವ ಹಾಗೆ ಗಾಳಿಗೂ ಇದೆ. ನಮ್ಮ ಕಡೆಯ ಕಡಲುಗಳಲ್ಲಿ ವಾಯುಭಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಏರುತ್ತದೆ, ಸಂಜೆ ನಾಲ್ಕರ ಹೊತ್ತಿಗೆ ಎರಡು ಮೂರು ಮಿಲಿಬಾರ್ ಇಳಿಯುತ್ತದೆ. ಎಷ್ಟೇ ಶಾಂತವಾದ ದಿನವಾದರೂ ಇದು ತಪ್ಪುವುದಿಲ್ಲ. ಹಾಗಾಗಿ ಮಧ್ಯಾಹ್ನದ ಅಂಕೆಯೂ ಸಂಜೆಯ ಅಂಕೆಯೂ ಒಂದೇ ಇದ್ದರೆ ಅದಕ್ಕೆ ಅರ್ಥ ಒಂದೇ. ಯಾರೂ ಮೇಲೆ ಹೋಗಿ ಉಪಕರಣ ನೋಡಿಲ್ಲ. ಕೂತಲ್ಲೇ ಹಳೆಯದನ್ನು ನಕಲು ಮಾಡಿದ್ದಾರೆ. ಇಂಥ ಕಳ್ಳ ವರದಿಗಳನ್ನು ಮೂಸಿ ನೋಡಿಯೇ ಹಿಡಿಯುತ್ತಾರೆಂದು ಚಂದ್ರಮೋಹನರಿಗೆ ಹೆಸರಿತ್ತು. ಎಷ್ಟು ಹಡಗುಗಳಿಗೆ ನಗುನಗುತ್ತ ಪೆನ್ಸಿಲಿನ ಸುತ್ತು ಹಾಕಿದ್ದರೋ ಲೆಕ್ಕವಿಲ್ಲ.

ಸೋಮವಾರ ಮಧ್ಯಾಹ್ನ ಗಗನಾ ಬರೆದದ್ದು ೧೦೧೨.೪. ಸಂಜೆ ಬರೆದದ್ದೂ ೧೦೧೨.೪. ಗಾಳಿ ಮಧ್ಯಾಹ್ನ ಎಂಟು ನಾಟ್, ಸಂಜೆಯೂ ಎಂಟೇ ನಾಟ್.

ಪೆನ್ಸಿಲು ಕೈಗೆ ಬಂತು. ಸುತ್ತು ಮಾತ್ರ ಬೀಳಲಿಲ್ಲ. ನಾಳೆ ಎಲ್ಲರೂ ಆ ಸುತ್ತನ್ನು ನೋಡುತ್ತಾರೆ, ನಿಮ್ಮ ಮಗಳೂ ಕೂತಲ್ಲೇ ಬರೀತಾಳಾ ಸರ್ ಎಂದು ಕೇಳುತ್ತಾರೆ. ಮೂವತ್ತೊಂದು ವರ್ಷ ಬೆರಳು ಅಲ್ಲಾಡಿಸಿದವರು ಒಮ್ಮೆ ಅತ್ತಿತ್ತ ನೋಡಿ, ಸಂಜೆಯ ಅಂಕೆಯನ್ನು ೧೦೧೦.೩ ಎಂದು ಬರೆದುಬಿಟ್ಟರು. ಎರಡೇ ಮಿಲಿಬಾರ್. ಶಾಂತ ಸಮುದ್ರದಲ್ಲಿ ಇರಬೇಕಾದಷ್ಟೇ ಇಳಿತ. ಯಾರಿಗೂ ನಷ್ಟವಿಲ್ಲ, ಹುಡುಗಿ ಹೊಸಬಳು, ನಾಳೆ ಸರಿಹೋಗುತ್ತಾಳೆ ಎಂದು ತಮಗೆ ತಾವೇ ಹೇಳಿಕೊಂಡರು. ಮಂಗಳವಾರವೂ ಅದೇ ಆಯಿತು. ಬುಧವಾರವೂ ಆಯಿತು. ಮಗಳು ನಕಲು ಮಾಡುವುದು, ಅಪ್ಪ ಅದಕ್ಕೆ ಬಣ್ಣ ಬಳಿಯುವುದು. ಮನೆಗೆ ಬಂದು ಸುಮಿತ್ರಾಗೆ "ಎಂಟು ನಾಟ್" ಎನ್ನುವಾಗ ಮಾತ್ರ ಅವರು ಮುಖ ತಿರುಗಿಸಿ ಬೂಟಿನ ಲೇಸು ಬಿಚ್ಚುತ್ತಿದ್ದರು.

ಗುರುವಾರ ಸಂಜೆ ಐದೂವರೆ. ಲಕ್ಷದ್ವೀಪದ ಬಳಿಯ ಮೋಡಗಳು ಉಪಗ್ರಹದ ಚಿತ್ರದಲ್ಲಿ ಸುರುಳಿ ಸುತ್ತಿ ಉತ್ತರಕ್ಕೆ ಸರಿಯುತ್ತಿದ್ದವು. ಆದರೆ ಮೇಲೆ ಮೋಡ ಸುತ್ತಿದ ಮಾತ್ರಕ್ಕೆ ಕೆಳಗೆ ನೀರಿನ ಮೇಲೆ ಗಾಳಿ ಎದ್ದಿರಲೇಬೇಕೆಂದಿಲ್ಲ. ನವೆಂಬರಿನಲ್ಲಿ ಆಗಿದ್ದೂ ಅದೇ. ಉಳಿದ ಹಡಗುಗಳು ಆ ಭಾಗ ಬಿಟ್ಟು ದೂರ ಹೋಗಿದ್ದವು. ಅಲ್ಲಿದ್ದದ್ದು ಒಂದೇ ಹಡಗು.

ಸುದರ್ಶನ್ ಎರಡೂ ಕೈಯನ್ನು ಮೇಜಿನ ಮೇಲೂರಿ ನಿಂತ. "ಏಳು ಗಂಟೆಯ ಒಳಗೆ ಹೇಳಬೇಕು ಸರ್. ಹೇಳಿದರೆ ನಾಳೆ ಬೆಳಿಗ್ಗೆ ಒಂದು ಬೋಟೂ ಇಳಿಯಲ್ಲ. ಹೇಳಿ ಮತ್ತೆ ಸುಳ್ಳಾದರೆ ನನ್ನ ಕಥೆ ಮುಗೀತು, ಆ ಜನ ಇನ್ನು ಮುಂದೆ ನಮ್ಮ ಮಾತು ಕೇಳೋದೂ ಇಲ್ಲ. ಗಗನಾ ಹಡಗು ಏನು ಹೇಳುತ್ತೆ?"

ಚಂದ್ರಮೋಹನರ ಮುಂದೆ ಕಾಗದವಿತ್ತು. ೧೦೧೨.೪. ಎಂಟು ನಾಟ್. ನಾಲ್ಕನೆಯ ದಿನ.

"ಇನ್ನೂ ಇಳಿಸ್ತಾ ಇದ್ದೀನಿ ಸರ್."

"ಆ ಹಡಗು ಶಾಂತ ಅಂದ್ರೆ ನಾನು ಎಚ್ಚರಿಕೆ ಕೊಡಲ್ಲ. ಮೂರು ದಿನದಿಂದ ನೋಡ್ತಿದ್ದೀನಲ್ಲ, ಸಂಜೆಯ ಇಳಿತ ಎಲ್ಲ ಎಷ್ಟು ಚೊಕ್ಕವಾಗಿದೆ! ಇಡೀ ಅರಬ್ಬೀ ಸಮುದ್ರದಲ್ಲಿ ನಂಬೋ ಹಾಗಿರೋ ಹಡಗು ಅದೊಂದೇ."

ಆ ಚೊಕ್ಕತನ ಯಾರದೆಂದು ಆ ಕೋಣೆಯಲ್ಲಿ ಅವರೊಬ್ಬರಿಗೇ ಗೊತ್ತಿತ್ತು. "ಒಂದು ನಿಮಿಷ ಸರ್" ಎಂದು ಎದ್ದು ಕಾರಿಡಾರಿಗೆ ಬಂದರು. ಕಿಟಕಿಯ ಆಚೆ ಮಂಜಿನಲ್ಲಿ ಬೀದಿದೀಪಗಳು ಹೊತ್ತಿಕೊಳ್ಳುತ್ತಿದ್ದವು. ಮೊಬೈಲು ತೆಗೆದು ಮನೆಗೆ ಫೋನ್ ಮಾಡಿದರು. ಯಾಕೆ ಮಾಡಿದರೆಂದು ಕೇಳಿದರೆ ಅವರೂ ಹೇಳಲಾರರು. ಬೇರೆ ಯಾರಿಗೆ ಮಾಡಬೇಕಿತ್ತು?

"ಸುಮಿ, ನಮ್ಮ ಗಗನಾ ಸುಳ್ಳು ಬರೀತಿದ್ದಾಳೆ ಕಣೇ. ಉಪಕರಣ ನೋಡದೆ, ಹಳೇದನ್ನೇ ನಕಲು ಮಾಡ್ತಿದ್ದಾಳೆ. ನಾನು ಅದನ್ನ ಮುಚ್ಚಿಹಾಕ್ತಾ ಬಂದೆ."

ಸುಮಿತ್ರಾ ಗಾಬರಿಯಾಗಲಿಲ್ಲ. ಒಂದೊಂದಾಗಿ ಕೇಳಿದರು. "ಯಾವತ್ತಿಂದ?"

"ಸೋಮವಾರದಿಂದ."

"ಅದಕ್ಕೆ ಮೊದಲು?"

"ಎರಡು ತಿಂಗಳು ಒಂದು ಚುಕ್ಕೆ ತಪ್ಪಿರಲಿಲ್ಲ."

"ಹಡಗು ಎಂಜಿನ್ ಆಫ್ ಮಾಡಿ ನಿಂತಿದ್ದು?"

"ಭಾನುವಾರ."

"ನೀವು ಎಂಥಾ ಅಪ್ಪ ರೀ! ಹರಿದ್ವಾರಕ್ಕೆ ಬಸ್ಸಲ್ಲಿ ಹೋದಾಗ ಮೋದಿನಗರ ದಾಟೋಕೆ ಮುಂಚೆ ಎಷ್ಟು ಸಲ ವಾಂತಿ ಮಾಡ್ಕೊಂಡ್ಲು, ನೆನಪಿಲ್ವಾ? ಅವಳಿಗೆ ಹಾಸಿಗೆ ಬಿಟ್ಟು ಏಳೋಕಾಗ್ತಿಲ್ಲ. ಹೇಳ್ಕೊಂಡ್ರೆ, ಹುಡುಗಿ ನೋಡು ಅಂತ ನಗ್ತಾರೆ. ಅದಕ್ಕೇ ಮಲಗಿದಲ್ಲೇ ಏನೋ ಒಂದು ಬರೆದು ಕಳಿಸ್ತಿದ್ದಾಳೆ." ಸುಮಿತ್ರಾ ಇನ್ನೊಂದು ಮಾತು ಸೇರಿಸಿದರು. "ನೀವು ದಿನಾ ಬಂದು ಸಮುದ್ರ ಶಾಂತವಾಗಿದೆ ಅಂತಿದ್ರಿ. ಶಾಂತವಾಗಿದ್ರೆ ನನ್ನ ಮಗಳು ಯಾಕ್ರೀ ಮಲಗ್ತಾಳೆ?"

ಮೋಟಾರು ನಿಲ್ಲಿಸಿದ ದೋಣಿ ಅಲೆಗೆ ಅಡ್ಡ ತಿರುಗಿ ಎಷ್ಟು ಹೊಯ್ದಾಡುತ್ತದೆಂದು ಹೊನ್ನಾವರದಲ್ಲಿ ಹುಟ್ಟಿದವರಿಗೆ ಹೇಳಿಕೊಡಬೇಕಾಗಿರಲಿಲ್ಲ. ದೂರದಲ್ಲಿ ಎಲ್ಲೋ ಗಾಳಿ ಎದ್ದು, ಅದರ ಅಲೆಗಳು ಸೋಮವಾರವೇ ಆ ಹಡಗನ್ನು ಮುಟ್ಟಿದ್ದವು. ದಿನದಿನಕ್ಕೆ ಹೆಚ್ಚಾಗುತ್ತಲೂ ಇದ್ದಿರಬೇಕು. ಅಂಕೆಗಳನ್ನು ಮೂಸಿ ನೋಡಿ ಸುಳ್ಳು ಹಿಡಿಯುವ ಮನುಷ್ಯ ಮಗಳ ಸುಳ್ಳನ್ನು ಹಿಡಿದಿದ್ದರು. ಆ ಸುಳ್ಳಿನ ಒಳಗಿದ್ದ ಬಿರುಗಾಳಿ ಮಾತ್ರ ಕಂಡಿರಲಿಲ್ಲ. ಅವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು.

ಒಳಗೆ ಬಂದು, ಕೂರದೆ, ನಿಂತುಕೊಂಡೇ ಹೇಳಿದರು. ಮಗಳ ನಕಲನ್ನೂ ಹೇಳಿದರು, ತಮ್ಮ ತಿದ್ದುಪಡಿಯನ್ನೂ ಹೇಳಿದರು. ಮೂಲ ಸಂದೇಶಗಳ ಕಾಗದಗಳನ್ನು ತೆಗೆದು, ಮೂರು ದಿನದ ನಕ್ಷೆಗಳ ಪಕ್ಕಕ್ಕೆ ಒಂದೊಂದಾಗಿ ಇಟ್ಟರು. ಸುದರ್ಶನ್ ಅದನ್ನೂ ಇದನ್ನೂ ನೋಡಿದ. ಅವನ ಕಿವಿ ಕೆಂಪಾಯಿತು.

"ನೀವಾ ಸರ್? ಬೇರೆ ಯಾರಾದ್ರೂ ಆಗಿದ್ರೆ... ನೀವಾ?"

ಚಂದ್ರಮೋಹನರು ತಲೆ ಎತ್ತಲಿಲ್ಲ. "ಆ ಹಡಗನ್ನ ನಂಬಬೇಡಿ ಸರ್. ಅಲ್ಲಿ ಸಮುದ್ರ ಶಾಂತವಾಗಿಲ್ಲ."

"ಅದು ಹೇಗೆ ಗೊತ್ತು? ಅಂಕೆ ಸುಳ್ಳು ಅಂದ್ರೆ ಏನೂ ಗೊತ್ತಿಲ್ಲ ಅಂತ ಅಷ್ಟೇ."

"ನನ್ನ ಮಗಳಿಗೆ ನಾಲ್ಕು ದಿನದಿಂದ ಏಳೋಕಾಗ್ತಿಲ್ಲ. ನನ್ನ ಹೆಂಡತಿ ಹೇಳಿದ್ದು."

ಸುದರ್ಶನ್ ನಗಬೇಕೋ ಬೈಯಬೇಕೋ ತಿಳಿಯದೆ ಅವರ ಮುಖವನ್ನೇ ನೋಡಿದ. "ಇದನ್ನ ನಾನು ಯಾವ ಕಾಲಮ್ಮಿನಲ್ಲಿ ಬರೀಲಿ?" ಎಂದ. ಮತ್ತೆ ಉಪಗ್ರಹದ ಚಿತ್ರದ ಮುಂದೆ ಹೋಗಿ ನಿಂತ. ಗಡಿಯಾರ ಆರು ಇಪ್ಪತ್ತು ತೋರಿಸುತ್ತಿತ್ತು. ಆ ಹಡಗನ್ನು ನಕ್ಷೆಯಿಂದ ತೆಗೆದರೆ ಅವನ ಕೈಯಲ್ಲಿ ಉಳಿಯುವುದು ಸುತ್ತುವ ಮೋಡ, ಮತ್ತು ಇಂದಿರಾಪುರಂನ ಒಬ್ಬ ತಾಯಿಯ ಮಾತು.

"ನಿಮ್ಮ ಬಗ್ಗೆ ನಾನು ಮೇಲಕ್ಕೆ ಬರೆಯಲೇಬೇಕಾಗುತ್ತೆ ಸರ್" ಎಂದ ಕೊನೆಗೆ.

"ಬರೀರಿ. ಮೊದಲು ಎಚ್ಚರಿಕೆ ಬರೀರಿ, ಆಮೇಲೆ ನನ್ನದು."

ಆರೂ ಮುಕ್ಕಾಲಿಗೆ ಎಚ್ಚರಿಕೆ ಹೊರಟಿತು. ಕಾರವಾರದಿಂದ ಮಂಗಳೂರಿನ ತನಕ ಯಾರೂ ಕಡಲಿಗೆ ಇಳಿಯಬಾರದು, ಇಳಿದವರು ಕೂಡಲೇ ದಡ ಸೇರಬೇಕು. ಗಗನಾ ಹಡಗಿಗೂ ಒಂದು ಸಂದೇಶ ಹೋಯಿತು. ನಿಮ್ಮ ವಾಯುಭಾರದ ಅಂಕೆಗಳು ಸಂಶಯಾಸ್ಪದವಾಗಿವೆ, ಉಪಕರಣ ನೋಡಿ ವರದಿ ಮಾಡಿ ಎಂದು. ಅದನ್ನು ಟೈಪು ಮಾಡಿದ್ದು ಚಂದ್ರಮೋಹನರೇ. ಬಸ್ಸು ಹಿಡಿಯುವ ಮುಂಚೆ ಏಕನಾಥನಿಗೂ ಫೋನ್ ಮಾಡಿದರು. ಅವನು ಒಂದಿಷ್ಟು ಬೈದ. "ಈ ಸಲ ಕಚೇರಿ ಮಾತು ಬಿಡು, ಏಕನಾಥ. ನನ್ನ ಮಗಳು ಅಲ್ಲಿದ್ದಾಳೆ" ಎಂದು ಚಂದ್ರಮೋಹನರು ಹೇಳಿದ ಮೇಲೆ ಬೈಗುಳ ನಿಂತಿತು. "ಹಾಗೆ ಮೊದಲೇ ಹೇಳೋದಲ್ವನೋ" ಎಂದವನು, ಉಳಿದ ಬೋಟಿನವರಿಗೆ ಹೇಳಲು ಫೋನ್ ಇಟ್ಟ.

ಶುಕ್ರವಾರ ಬೆಳಿಗ್ಗೆ ಕಚೇರಿಗೆ ಹೋದಾಗ ಅವರ ಮೇಜಿನ ಮೇಲೆ ಬೇರೊಬ್ಬರ ಕನ್ನಡಕವಿತ್ತು. ವಿಚಾರಣೆ ಮುಗಿಯುವ ತನಕ ನಕ್ಷೆ ಮುಟ್ಟುವಂತಿಲ್ಲ, ಹಳೆಯ ದಾಖಲೆಗಳ ಕೋಣೆಯಲ್ಲಿ ಕೂರಬೇಕೆಂದು ಆದೇಶ. ಅದು ನ್ಯಾಯವೇ ಎಂದು ಅವರಿಗೂ ಅನ್ನಿಸಿತು. ಅನ್ನಿಸಿದರೂ ನುಂಗಲಾರದ ತುತ್ತು ಅದು. ನೆಲಮಾಳಿಗೆಯ ಆ ಕೋಣೆಯಲ್ಲಿ ಹಳದಿಯಾದ ನಕ್ಷೆಗಳ ಕಟ್ಟುಗಳ ನಡುವೆ ಕುರ್ಚಿ ಎಳೆದುಕೊಂಡು ಕೂತರು. ಅವುಗಳಲ್ಲಿ ಹೆಚ್ಚಿನವು ಅವರದೇ ಕೈಬರಹ.

ಮೇಲಿನ ಕೋಣೆಯ ಸುದ್ದಿ ಸಹೋದ್ಯೋಗಿಗಳ ಬಾಯಲ್ಲಿ ಚೂರುಚೂರಾಗಿ ಇಳಿದು ಬಂತು. ಹೊನ್ನಾವರದಲ್ಲಿ ಬೆಳಿಗ್ಗೆ ಏಳಕ್ಕೇ ಗಾಳಿ ಎದ್ದಿದೆ. ಹಂಚು ಹಾರುತ್ತಿವೆ. ಕಟ್ಟಿದ ಬೋಟುಗಳು ಒಂದಕ್ಕೊಂದು ಹೊಡೆದುಕೊಂಡು ಕೆಲವು ಒಡೆದಿವೆ. ಆದರೆ ಒಡೆದವುಗಳಲ್ಲಿ ಜನರಿರಲಿಲ್ಲ. ಇಷ್ಟು ಕೇಳಿ ಅವರ ಕಣ್ಣು ತುಂಬಿ ಬಂತು. ಆಮೇಲೆ ಅವರು ಕೇಳಲು ಹೆದರುತ್ತಿದ್ದ ಸುದ್ದಿಯೂ ಬಂತು. ಗಗನಾ ಹಡಗಿನಿಂದ ಬೆಳಗಿನ ವರದಿ ಬಂದಿಲ್ಲ. ನಿನ್ನೆಯ ಸಂದೇಶಕ್ಕೂ ಉತ್ತರವಿಲ್ಲ.

ಸುಮಿತ್ರಾ ಅರ್ಧ ಗಂಟೆಗೊಮ್ಮೆ ಫೋನ್ ಮಾಡಿದರು. ಬಂತಾ ಎಂದು ಕೇಳುವುದು, ಇಲ್ಲ ಎಂದು ಹೇಳುವುದು, ಅಷ್ಟೇ. ಮಧ್ಯಾಹ್ನದ ಊಟದ ಡಬ್ಬಿಯನ್ನು ಚಂದ್ರಮೋಹನರು ಬಿಚ್ಚಲಿಲ್ಲ. ಹೆದರಿಕೆಯಲ್ಲಿ ಕೂತಾಗ ಮನುಷ್ಯ ಏನೇನೋ ಯೋಚಿಸುತ್ತಾನೆ. ಸೋಮವಾರವೇ ಆ ಸುತ್ತು ಹಾಕಿದ್ದರೆ ಅಂದೇ ಹಡಗಿಗೆ ಸಂದೇಶ ಹೋಗುತ್ತಿತ್ತು, ಅಂದೇ ಯಾರಾದರೂ ಅವಳ ಕೋಣೆಯ ಬಾಗಿಲು ತಟ್ಟುತ್ತಿದ್ದರು. ಮಗಳ ಮರ್ಯಾದೆ ಉಳಿಸಲು ಹೋಗಿ ನಾಲ್ಕು ದಿನ ಅವಳನ್ನು ಒಬ್ಬಳೇ ನರಳಲು ಬಿಟ್ಟೆನಲ್ಲ ಎಂಬುದು ಅವರ ಎದೆಯಲ್ಲಿ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಒಂದೂವರೆಗೆ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಸುದರ್ಶನ್. ಒಂದು ಕಾಗದವನ್ನು ಅವರ ಮುಂದಿಟ್ಟು ಒಂದು ಹೆಜ್ಜೆ ಹಿಂದೆ ಸರಿದು ನಿಂತ.

ಐದೈದು ಅಂಕೆಗಳ ಗುಂಪುಗಳು. ಚಂದ್ರಮೋಹನರಿಗೆ ಅದನ್ನು ಓದಲು ಪೆನ್ನು ಬೇಕಿರಲಿಲ್ಲ, ನಕ್ಷೆಯೂ ಬೇಕಿರಲಿಲ್ಲ. ಅದೇ ಹಡಗು, ಕೊನೆಯಲ್ಲಿ ಬರೆದವರ ಹೆಸರು ಕೆಡೆಟ್ ಗಗನಾ. ಗಾಳಿ ನಲವತ್ತಮೂರು ನಾಟ್. ವಾಯುಭಾರ ೧೦೦೧.೭, ಕಳೆದ ಮೂರು ಗಂಟೆಯಲ್ಲಿ ಐದೂವರೆ ಇಳಿದಿದೆ. ಅಲೆ ಆರು ಮೀಟರ್. ಮಳೆ. ಒಂದಕ್ಕೊಂದು ಹೊಂದಿಕೊಂಡು ನಯವಾಗಿದ್ದ ಹಿಂದಿನ ಅಂಕೆಗಳಂತಲ್ಲ ಇವು. ಎಲ್ಲ ಎದ್ದುಬಿದ್ದು, ಅಡ್ಡಾದಿಡ್ಡಿಯಾಗಿದ್ದವು. ಯಾರೂ ಕೂತಲ್ಲಿ ಕೂತು ಕಲ್ಪಿಸಿ ಬರೆಯಲಾಗದ ಅಂಕೆಗಳು.

ಅವರು ಕಾಗದವನ್ನು ಕೈಯಲ್ಲಿ ಹಿಡಿದೇ ಮನೆಗೆ ಫೋನ್ ಮಾಡಿದರು.

"ಬಂತು ಸುಮಿ. ಅವಳದೇ. ಆದ್ರೆ ಗಾಳಿ ನಲವತ್ತಮೂರು ನಾಟ್ ಇದೆ ಕಣೇ. ಅಲೆ ಎರಡು ಮಾಳಿಗೆ ಎತ್ತರ. ಬಿರುಗಾಳಿ ಮಧ್ಯದಲ್ಲಿದ್ದಾಳೆ. ನಾನು ನಿನ್ನ ಹತ್ರ ಇನ್ನು ಏನನ್ನೂ ಕಮ್ಮಿ ಮಾಡಿ ಹೇಳಲ್ಲ."

"ನಿಜವಾದ ಅಂಕೆನೇನಾ? ನೋಡಿ ಬರೆದದ್ದಾ?"

"ಹೂಂ. ಕಣ್ಣಾರೆ ನೋಡಿ ಬರೆದದ್ದು."

"ಅಂದ್ರೆ ಎದ್ದಿದ್ದಾಳೆ ರೀ" ಎಂದು ಸುಮಿತ್ರಾ ಅಳತೊಡಗಿದರು. "ನನ್ನ ಮಗಳು ಎದ್ದು ನಿಂತಿದ್ದಾಳೆ."